ಕಾಂಪೌಂಡರ್ ಕೈಚಳಕದಿಂದ 500 ಗಂಟೆಯ ಸೀಲಿನವರೆಗೆ

ಐವತ್ತು ದಾಟಿದವರಿಗೆ ಆ ಸೀಸೆ ನೆನಪಿರುತ್ತದೆ. ಆಸ್ಪತ್ರೆಯ ಕಿಂಡಿಯಲ್ಲಿ ಮನೆಯಿಂದ ತಂದ ಖಾಲಿ ಸೀಸೆ ಚಾಚಿದರೆ ಕಾಂಪೌಂಡರ್ ಅದಕ್ಕೆ ಮಿಕ್ಸ್ಚರ್ ತುಂಬಿಸುತ್ತಿದ್ದರು. ಪಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ಓದು ಬಾರದ ಅಜ್ಜಿಗೂ ಅಳತೆ ತಪ್ಪುತ್ತಿರಲಿಲ್ಲ. ಎಷ್ಟೋ ಕಾಂಪೌಂಡರುಗಳು ಇದನ್ನೆಲ್ಲ ಕಲಿತದ್ದು ಹಿರಿಯರ ಪಕ್ಕದಲ್ಲಿ ನಿಂತು, ಬೈಸಿಕೊಂಡು.

ಈ ಕೆಲಸ ಕಲಿಸೋ ಫಾರ್ಮಸಿ ಕಾಲೇಜು ಬಂದದ್ದು ಆಮೇಲೆ. ಔಷಧಿಗಳ ಸ್ಥಿತಿಗತಿ ನೋಡಲು ಸರ್ಕಾರ ನೇಮಿಸಿದ್ದ ರಾಮನಾಥ್ ಚೋಪ್ರಾ ಅವರ ಸಮಿತಿ 1931ರಲ್ಲಿ ವರದಿ ಕೊಟ್ಟಿತು. ಮರುವರ್ಷವೇ ಮಹಾದೇವ ಲಾಲ್ ಶ್ರಾಫ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪಾಠ ಶುರು ಮಾಡಿದರು. ಆದರೆ ಆ ಪಾಠದ ಒಲವು ಔಷಧ ತಯಾರಿಕೆ, ಪರೀಕ್ಷೆಯ ಕಡೆಗೇ ಜಾಸ್ತಿ. ಪದವಿ ಕಾರ್ಖಾನೆಯ ದಾರಿ ಹಿಡಿಯಿತು, ಕೌಂಟರ್ ಡಿಪ್ಲೊಮಾದವರ ಪಾಲಿಗೆ ಉಳಿಯಿತು. ನನ್ನ ಮಟ್ಟಿಗೆ ಇಂದಿನ ಗೋಜಲಿನ ಬೇರು ಅಲ್ಲೇ ಇದೆ.

1948ರ ಫಾರ್ಮಸಿ ಕಾಯ್ದೆ ಬಂದಾಗ ಕೈಕೆಲಸಕ್ಕೆ ಬೆಲೆ ಇತ್ತು. ಆಸ್ಪತ್ರೆಯಲ್ಲೋ ಡಿಸ್ಪೆನ್ಸರಿಯಲ್ಲೋ ಐದು ವರ್ಷ ಔಷಧಿ ಬೆರೆಸಿದವರಿಗೂ ಮೊದಲ ನೋಂದಣಿ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆಮೇಲೆ ಮಾತ್ರೆ, ಸಿರಪ್ಪು ಕಾರ್ಖಾನೆಯಿಂದಲೇ ಸಿದ್ಧವಾಗಿ ಬರತೊಡಗಿದವು. ಔಷಧಿ ಅರೆಯುವ ಕಲ್ಲಿನ ಖಲ್ವ ಕಾಲೇಜಿನ ಲ್ಯಾಬ್ ಸೇರಿತು.

1991ರ ನಿಯಮ ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ ಮುಗಿಸಿದವರಿಗೆ 500 ಗಂಟೆ ತರಬೇತಿ ಕಡ್ಡಾಯ ಮಾಡಿತು. ಮೂರು ತಿಂಗಳಿಗೆ ಕಡಿಮೆ ಇರಬಾರದು, ಅದರಲ್ಲಿ 250 ಗಂಟೆ ವೈದ್ಯರ ಚೀಟಿ ನೋಡಿ ಔಷಧಿ ಕೊಡಲೇಬೇಕು. ದಿನಕ್ಕೆ ಆರು ಗಂಟೆಯಂತೆ ಲೆಕ್ಕ ಹಾಕಿದರೆ ಸುಮಾರು 83 ದಿನ. ನನಗೆ ಗೊತ್ತಿರುವ ಹುಡುಗನೊಬ್ಬ ತರಬೇತಿಗೆಂದು ಔಷಧಿ ಅಂಗಡಿಗೆ ಹೋದದ್ದು ಒಂಬತ್ತು ದಿನ. ಅದೂ ಮೇಲಿನ ಅಟ್ಟದಿಂದ ಡಬ್ಬ ಇಳಿಸೋದಕ್ಕೆ. ತರಬೇತಿ ಪತ್ರದ ಮೇಲೆ ಸೀಲು ಮಾತ್ರ 500 ಗಂಟೆಗೂ ಬಿತ್ತು.

ಕೌಂಟರಿನಲ್ಲಿ ಕಲಿಯೋದು ಸಣ್ಣ ಸಣ್ಣ ಸಂಗತಿ. ಚೀಟಿಯಲ್ಲಿ 'ಟಿ.ಡಿ.ಎಸ್.' ಅಂದರೆ ದಿನಕ್ಕೆ ಮೂರು ಸಲ, 'ಎಚ್.ಎಸ್.' ಅಂದರೆ ಮಲಗುವಾಗ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್‌ಗೆ ಹಾಕಿದರೆ ಕೆಟ್ಟಿತು. 2014ರಿಂದ ಎಚ್1 ಪಟ್ಟಿಯ, ಅಂದರೆ ಬಿಗಿ ನಿಗಾ ಬೇಕಾದ ಔಷಧಿ ಮಾರಿದರೆ ಪ್ರತ್ಯೇಕ ರಿಜಿಸ್ಟರಿನಲ್ಲಿ ವೈದ್ಯರ, ರೋಗಿಯ ಹೆಸರು ಬರೆದು ಮೂರು ವರ್ಷ ಇಡಬೇಕು. ಪುಸ್ತಕದಲ್ಲಿ ಇದೆಲ್ಲ ಇದೆ. ಆದರೆ ಸಂಜೆ ಏಳು ಗಂಟೆಗೆ ಎಂಟು ಜನ ಒಟ್ಟಿಗೆ ಚೀಟಿ ಚಾಚಿದಾಗ ನೆನಪಾಗಬೇಕಲ್ವಾ?

ಆಸ್ಪತ್ರೆಯ ಕಡೆ ಗಾಳಿ ಬೇರೆ ಬೀಸಿತು. 1990ರ ದಶಕದಲ್ಲೇ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ವಿದ್ಯಾರ್ಥಿಗಳನ್ನು ವಾರ್ಡಿಗೆ, ರೋಗಿಯ ಹಾಸಿಗೆಯ ಪಕ್ಕಕ್ಕೆ ಕರೆದೊಯ್ದಿತು. 2008ರಲ್ಲಿ ಬಂದ, ಆರು ವರ್ಷದ ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸಿನ ಆರನೇ ವರ್ಷವಿಡೀ ಇಂಟರ್ನ್‌ಶಿಪ್: ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಮೂರು ವಿಭಾಗದಲ್ಲಿ ಎರಡೆರಡು ತಿಂಗಳು. ಫಾರ್ಮಸಿ ಪದವಿಯಾದ ಬಿ.ಫಾರ್ಮ್‌ನಲ್ಲಿ ಏಳನೇ ಸೆಮಿಸ್ಟರಿಗೆ 150 ಗಂಟೆಯ 'ಪ್ರಾಕ್ಟೀಸ್ ಸ್ಕೂಲ್' ಎಂಬ ತರಬೇತಿ ಇದೆ. ಆದರೆ ಕಾರ್ಖಾನೆ ಅಥವಾ ಆಸ್ಪತ್ರೆಯಲ್ಲಿನ ಇನ್ನೊಂದು 150 ಗಂಟೆಯ ತರಬೇತಿ 'ಮಾಡಿದರೆ ಒಳ್ಳೆಯದು' ಎಂಬಷ್ಟಕ್ಕೇ ನಿಂತಿದೆ.

ಡಿ.ಫಾರ್ಮ್ ಮುಗಿಸಿದವರಿಗೆ 2022ರಲ್ಲಿ ಎಕ್ಸಿಟ್ ಪರೀಕ್ಷೆಯ, ಅಂದರೆ ನೋಂದಣಿಗೆ ಮೊದಲು ಪಾಸಾಗಬೇಕಾದ ಪರೀಕ್ಷೆಯ ನಿಯಮ ಬಂತು. ಮೂರು ಪೇಪರು, ಎಲ್ಲ ಸರಿ ಉತ್ತರ ಆರಿಸುವ ಪ್ರಶ್ನೆಗಳೇ. ಡಬ್ಬ ಇಳಿಸಿದ ಆ ಹುಡುಗ ಅದನ್ನೂ ಆರಾಮಾಗಿ ಪಾಸು ಮಾಡಬಹುದು.