ಕಾಲುವೆಗೆ ಇಳಿದ ಮಾತು

ಅನ್ನ ತುಂಬಿದ ಎರಡು ಬಾಟಲಿ. ಒಂದಕ್ಕೆ ದಿನಾ ಒಳ್ಳೆಯ ಮಾತು, ಇನ್ನೊಂದಕ್ಕೆ ಬೈಗುಳ. ಬೈಸಿಕೊಂಡ ಅನ್ನ ಬೇಗ ಹಳಸಿತಂತೆ, ಬುದ್ಧ ಹೇಳಿದ ‘ಸಮ್ಯಕ್ ವಾಕ್’ಗೆ, ಅಂದರೆ ಸರಿಯಾದ ಮಾತಿಗೆ, ಇದೇ ಪುರಾವೆಯಂತೆ! ಇಂಥದ್ದು ವಾಟ್ಸ್‌ಆ್ಯಪಿಗೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅನ್ನ ಹಳಸುವುದು ಬೂಷ್ಟು, ಬ್ಯಾಕ್ಟೀರಿಯಾಗಳಿಂದ. ಮಾಮೂಲಿ ಮಾತಿನ ಸದ್ದು ಸುಮಾರು 60 ಡೆಸಿಬಲ್. ಅಂದರೆ ಒಂದು ಚದರ ಮೀಟರಿಗೆ ವ್ಯಾಟಿನ ಹತ್ತು ಲಕ್ಷದಲ್ಲೊಂದು ಪಾಲು, ಅನ್ನ ಕೆಡಿಸಲು ಏನೇನೂ ಸಾಲದು. ಬುದ್ಧ ಬಿಡಬೇಕೆಂದದ್ದು ಸುಳ್ಳು, ಚಾಡಿ, ಬಿರುನುಡಿ, ಹುರುಳಿಲ್ಲದ ಹರಟೆ. ಅವನು ನೋಡಲು ಹೇಳಿದ್ದು ಆಡುವವನ ಮನಸ್ಸನ್ನು. ಕಂಪನಗಳ ಗೊಡವೆಗೇ ಹೋಗಲಿಲ್ಲ.

ಮನಸ್ಸನ್ನು ನೋಡುವುದು ಏಕೆ ಕಷ್ಟ ಎಂಬುದರಲ್ಲೇ ಸ್ವಾರಸ್ಯವಿದೆ. ಚಿತ್ರವೊಂದನ್ನು ನೋಡಿ ಅದರ ಹೆಸರು ಹೇಳಲು ನಮಗೆ ಸುಮಾರು 600 ಮಿಲಿಸೆಕೆಂಡ್ ಬೇಕು. ಆದರೆ ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡ್ ಮಾತ್ರ. ಲೆಕ್ಕ ಕೂಡುವುದು ಒಂದೇ ರೀತಿಯಲ್ಲಿ: ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಮ್ಮ ಉತ್ತರ ತಯಾರಾಗುತ್ತಿರುತ್ತದೆ. ಪ್ರಶ್ನೆಯ ಸುಳಿವು ಸಿಕ್ಕ ಕೂಡಲೇ ಈ ತಯಾರಿ ಆರಂಭವಾಗುವುದನ್ನು ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದವರೂ ಕಂಡಿದ್ದಾರೆ.

ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಎಡದಂಡೆ ಕಾಲುವೆಗೆ ಬಿಟ್ಟ ನೀರು ರಾಯಚೂರಿನ ಕೊನೆಭಾಗ ಮುಟ್ಟಲು ದಿನಗಳೇ ಹಿಡಿಯುತ್ತವೆ. ನಡುವೆ ಗೇಟು ಇಳಿಸಿದರೂ ಆಗಲೇ ಹೊರಟ ನೀರು ಹಿಂದಕ್ಕೆ ಬಾರದು. ಬಳ್ಳಾರಿಯ ಜೀನ್ಸ್ ಘಟಕದಲ್ಲೂ ಅಷ್ಟೆ, ಹೊಲಿಗೆ ಯಂತ್ರಕ್ಕೆ ಬರುವ ಮೊದಲೇ ಪ್ಯಾಂಟಿನ ಅಳತೆಯನ್ನು ಕತ್ತರಿ ತೀರ್ಮಾನಿಸಿರುತ್ತದೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎನ್ನುತ್ತೇವೆ; ನಿಜವಾಗಿ ಮಾತು ಆಡುವುದಕ್ಕೂ ಮುಂಚೆಯೇ ಅರ್ಧ ಹೋಗಿರುತ್ತದೆ. ನಾಲಿಗೆಯ ಮೇಲೆ ಕಾವಲಿಟ್ಟರೆ ಸಾಲದು, ಕಿವಿ ತೆರೆದಿರುವಾಗಲೇ ಕಾಯಬೇಕು.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತದ ತೇವ ಅಳೆಯುತ್ತಿದ್ದಾಗ ಇದನ್ನು ಕಲಿತೆ. ಬೆಂಬಲ ಬೆಲೆಗೆ ತೇವ 17 ಶೇಕಡಾ ದಾಟುವಂತಿಲ್ಲ. ಮೀಟರ್ 18 ತೋರಿಸಿತು. “ತಮ್ಮಾ, ರಾತ್ರಿ ಮಳಿ ಬಂದು…” ಎಂದು ಹಿರಿಯ ರೈತರೊಬ್ಬರು ಶುರುಮಾಡಿದರು. “ಅಜ್ಜಾರ, ಹದಿನೆಂಟು ಐತಿ, ಆಗಂಗಿಲ್ರಿ” ಎಂದುಬಿಟ್ಟೆ. ಸುಳ್ಳಲ್ಲ, ಒರಟೂ ಅಲ್ಲ. ಆದರೆ ‘ಮಳಿ’ ಎಂಬ ಪದ ಕಿವಿಗೆ ಬೀಳುತ್ತಲೇ, ಇದು ನೆಪ ಎಂದು ನನ್ನೊಳಗೆ ಉತ್ತರ ಹೊಲಿದಾಗಿತ್ತು. ಅವರು ತಲೆ ತಗ್ಗಿಸಿ ಟ್ರ್ಯಾಕ್ಟರ್ ಹತ್ತಿದರು.

ಈ ಸೀಮೆಗೆ ಅಶೋಕನ ನಂಟು ದಟ್ಟವಾಗಿದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳ, ಎಲ್ಲ ಕಡೆ ಅವನ ಶಿಲಾಶಾಸನಗಳಿವೆ. 1915ರಲ್ಲಿ ಪತ್ತೆಯಾಗಿ, ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ನೆಂಬ ದೊರೆ ಅಶೋಕನೇ ಎಂದು ತೋರಿಸಿಕೊಟ್ಟ ಮಸ್ಕಿಯ ಬಂಡೆ. ನಿಟ್ಟೂರಿನಲ್ಲಿರುವ ಎರಡನೇ ಕಿರು ಶಾಸನ ಸತ್ಯವನ್ನೇ ಹೇಳಬೇಕು ಎನ್ನುತ್ತದೆ. ಅದೇ ಅಶೋಕ ರಾಜಸ್ಥಾನದ ಬೈರಾಟಿನ ಶಾಸನದಲ್ಲಿ, ಸುಳ್ಳಿನ ಬಗ್ಗೆ ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ ಉಪದೇಶವನ್ನು ಭಿಕ್ಷುಗಳೂ ಗೃಹಸ್ಥರೂ ಕೇಳಲಿ ಎಂದು ಹೆಸರಿಸಿ ಬರೆಸಿದ್ದಾನೆ. ಆ ಉಪದೇಶದಲ್ಲೊಂದು ಕನ್ನಡಿ ಬರುತ್ತದೆ. ಕನ್ನಡಿಯಲ್ಲಿ ಮುಖ ನೋಡಿಕೊಂಡಂತೆ ಮಾತನ್ನು ಆಡುವ ಮುನ್ನ, ಆಡುತ್ತಿರುವಾಗ, ಆಡಿದ ಮೇಲೆ ನೋಡಿಕೋ, ಇದರಿಂದ ನಿನಗಾಗಲಿ ಇತರರಿಗಾಗಲಿ ನೋವಾದೀತೇ ಎಂದು. ಮಿಲಿಸೆಕೆಂಡುಗಳ ಲೆಕ್ಕ ತಿಳಿದ ಮೇಲೆ, ಆ ‘ಮುನ್ನ’ ಎಂಬ ಪದದ ತೂಕಕ್ಕೆ ಬೆರಗಾದೆ.

ಮಾರನೇ ಸುಗ್ಗಿಗೆ ಅದೇ ಅಜ್ಜ ಬಂದರು. ಮೀಟರ್ ಮತ್ತೆ 18. ಉತ್ತರ ಎದ್ದು ಬರುವುದು ಗೊತ್ತಾಯಿತು. ಉಸಿರು ಬಿಟ್ಟು, ಅವರ ಮಾತು ಪೂರ್ತಿ ಮುಗಿಯಲೆಂದು ಕಾದೆ. “ತೆಳಗಿನ ಸಾಲು ಅಷ್ಟ ತೊಯ್ದೈತಿ ತಮ್ಮಾ, ಮ್ಯಾಲಿನ ಚೀಲಾನೂ ನೋಡು” ಎಂದರು. ಮೇಲಿನ ಚೀಲ 16 ತೋರಿಸಿತು.