ಬೆಂಗಳೂರಿನಲ್ಲಿ ಪ್ರಾಣಿ ಸಾಕಣೆ ನಿಯಮಗಳ ಜಾರಿ: ದೂರು ಯಾವ ಮೇಜಿಗೆ?

ಈ ವಿಷಯ ಓದಲು ಕೂತವರು ಮೊದಲು ಕಲಂ ಸಂಖ್ಯೆಗಳನ್ನು ಬಾಯಿಪಾಠ ಮಾಡುತ್ತಾರೆ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಪ್ರಾಣಿಗೆ ಯಜಮಾನರಿದ್ದಾರೆಯೇ? ಉತ್ತರ ಹೌದಾದರೆ ದಾರಿ ಒಂದು, ಇಲ್ಲವಾದರೆ ಇನ್ನೊಂದು. ದೂರುಗಳು ದಡ ಮುಟ್ಟದಿರಲು ದೊಡ್ಡ ಕಾರಣ ಇವೆರಡನ್ನೂ ಬೆರೆಸಿಬಿಡುವುದು.

ಸಾಕುನಾಯಿಯಿಂದ ತೊಂದರೆಯಾದಾಗ ಪೊಲೀಸರ ಕೈಯಲ್ಲಿರುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 291. ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗಬಹುದೆಂದಿದ್ದೂ ಯಜಮಾನರು ಎಚ್ಚರಿಕೆ ವಹಿಸದಿದ್ದರೆ 6 ತಿಂಗಳವರೆಗೆ ಸೆರೆ, ₹5,000ವರೆಗೆ ದಂಡ, ಇಲ್ಲವೇ ಎರಡೂ. ಇದು ಸಂಜ್ಞೇಯ ಅಪರಾಧ, ಅಂದರೆ ಠಾಣೆಯಲ್ಲಿ ನೇರವಾಗಿ ಎಫ್‌ಐಆರ್ ದಾಖಲಿಸಬಹುದು. ಆದರೆ ‘ನಾಯಿ ಬೊಗಳುತ್ತದೆ’ ಎಂಬ ದೂರು ಇದರೊಳಗೆ ಬರುವುದಿಲ್ಲ. ಸರಪಳಿ ಇರಲಿಲ್ಲ, ಗೇಟು ತೆರೆದಿತ್ತು, ಹಿಂದೆಯೂ ಹೀಗಾಗಿತ್ತು ಎಂಬಂಥ ನಿರ್ಲಕ್ಷ್ಯದ ವಿವರ ದಿನಾಂಕ ಸಮೇತ ಬೇಕು. ಜೊತೆಗೆ ಗಾಯಕ್ಕೆ ಚಿಕಿತ್ಸೆ ಪಡೆದ ಆಸ್ಪತ್ರೆಯ ಚೀಟಿ.

ಕ್ರೌರ್ಯದ ದೂರು ಇದಕ್ಕೆ ತಿರುಗುಮುರುಗು. ತೀರಾ ಗಿಡ್ಡ ಸರಪಳಿಯಲ್ಲಿ ದಿನಗಟ್ಟಲೆ ಕಟ್ಟಿಹಾಕುವುದು, ಅನ್ನ ನೀರು ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕಲಂ 11ರಲ್ಲಿ ಬರುತ್ತವೆ. ಮೊದಲ ಸಲ ₹10ರಿಂದ ₹50ರವರೆಗೆ ದಂಡ! ಅದಕ್ಕಿಂತ ದೊಡ್ಡ ತೊಡಕೆಂದರೆ ಈ ಕಲಮಿನ ಬಹುಪಾಲು ಉಪಕಲಂಗಳು ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಕಲಂ 36ರ ಪ್ರಕಾರ 3 ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಪ್ರಕರಣವೇ ಬಿದ್ದುಹೋಗುತ್ತದೆ. ‘ನೋಡೋಣ’ ಎಂದು ಕಾಯುತ್ತಾ ಕೂತವರು ಸೋಲುವುದು ಇಲ್ಲಿಯೇ. ಪ್ರಾಣಿಯನ್ನು ಕೊಂದಿದ್ದರೆ, ಅಂಗ ಊನ ಮಾಡಿದ್ದರೆ ಮಾತ್ರ ನ್ಯಾಯ ಸಂಹಿತೆಯ ಕಲಂ 325 ಇದೆ. ಅದು ಸಂಜ್ಞೇಯ, 5 ವರ್ಷದವರೆಗೆ ಶಿಕ್ಷೆ. 1960ರ ದಂಡದ ಮೊತ್ತ ಇಂದಿಗೂ ಹಾಗೇ ಉಳಿದಿರುವುದು ನಿಜಕ್ಕೂ ಅನ್ಯಾಯ.

ಬೀದಿನಾಯಿ ಪಾಲಿಕೆಯ ಹೊಣೆ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರಪಾಲಿಕೆಗಳಿವೆ. ಹಾಗಾಗಿ ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರಿದೆ ಎಂದು ತಿಳಿದು, ಅದರ ಪಶುಸಂಗೋಪನಾ ವಿಭಾಗಕ್ಕೇ ಬರೆಯಿರಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಕ್ರಮ ಹೀಗಿದೆ: ನಾಯಿ ಹಿಡಿಯುತ್ತೇವೆಂದು ಮೊದಲೇ ಸಾರ್ವಜನಿಕರಿಗೆ ತಿಳಿಸಬೇಕು, ಎಲ್ಲಿ ಹಿಡಿದದ್ದೆಂದು ದಾಖಲಿಸಬೇಕು, ಶಸ್ತ್ರಚಿಕಿತ್ಸೆ ಮಾಡಿ ರೇಬೀಸ್ ಲಸಿಕೆ ಹಾಕಬೇಕು, ಕನಿಷ್ಠ 4 ದಿನ ಆರೈಕೆ ಮಾಡಬೇಕು, ಆಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು. ಕಿವಿಯ ಅಂಚಿನ ಕತ್ತರಿಕೆಯೇ ಚಿಕಿತ್ಸೆ ಆಗಿದೆ ಎಂಬುದರ ಗುರುತು. ದೂರು ಬರೆಯುವಾಗ ಅದು ಇದೆಯೋ ಇಲ್ಲವೋ ನೋಡಿ ತಿಳಿಸಿದರೆ ಸಿಬ್ಬಂದಿಯ ಅರ್ಧ ಕೆಲಸ ಉಳಿಯುತ್ತದೆ. ‘ಬೇರೆ ಕಡೆ ಸಾಗಿಸಿ’ ಎಂಬ ಬೇಡಿಕೆಯನ್ನು ಈ ನಿಯಮ ಒಪ್ಪುವುದಿಲ್ಲ. ಖಾಲಿಯಾದ ಜಾಗಕ್ಕೆ ಲಸಿಕೆಯಿಲ್ಲದ ಹೊಸ ನಾಯಿಗಳು ಬರುತ್ತವೆ ಎಂಬುದು ಅದರ ಹಿಂದಿನ ತರ್ಕ. ರೇಬೀಸ್ ತಗುಲಿದ, ಆಕ್ರಮಣಕಾರಿಯಾದ ನಾಯಿಗಳನ್ನು ಮಾತ್ರ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಈ ಮರಳಿ ಬಿಡುವ ನಿಯಮದಿಂದ ಹೊರಗಿಟ್ಟಿತು. ನವೆಂಬರ್ 7ರ ಆದೇಶವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಬಾರದು ಎಂದಿತು.

ಅಪಾರ್ಟ್‌ಮೆಂಟಿನ ಜಗಳಗಳೇ ಹೆಚ್ಚು. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಂತೆ ಸಂಘವು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಬಹುಮತದ ಠರಾವು ಮಾಡಿದರೂ. ಬೀದಿನಾಯಿಗೆ ಅನ್ನ ಹಾಕುವ ಜಾಗವನ್ನು ಮಾತ್ರ ಸಂಘ ಗೊತ್ತುಮಾಡಬಹುದು. ಅದು ಮೆಟ್ಟಿಲು, ಬಾಗಿಲು, ಮಕ್ಕಳಾಡುವ ಜಾಗಗಳಿಂದ ದೂರವಿರಬೇಕು.

ಗಿಳಿ, ನಕ್ಷತ್ರ ಆಮೆಗಳ ಪ್ರಶ್ನೆ ಪಾಲಿಕೆಯದ್ದಲ್ಲ. 1972ರ ವನ್ಯಜೀವಿ ಕಾಯ್ದೆ ಅವಕ್ಕೆ ರಕ್ಷಣೆ ಕೊಟ್ಟಿರುವುದರಿಂದ ಪಂಜರದ ದೇಸಿ ಗಿಳಿಯ ದೂರು ಅರಣ್ಯ ಇಲಾಖೆಗೆ ಹೋಗಬೇಕು.

ಕಚ್ಚಿದ ನಾಯಿ ಯಾರದ್ದೇ ಇರಲಿ, ದೂರಿಗಿಂತ ಮೊದಲು ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಲಸಿಕೆ ಶುರು ಮಾಡಿ. ನಾಯಿಯನ್ನು 10 ದಿನ ಕಣ್ಣಳತೆಯಲ್ಲಿಡಿ. ಅದನ್ನು ಹೊಡೆದು ಸಾಯಿಸಿದರೆ ನಿಗಾ ಇಡಲು ನಾಯಿಯೇ ಇರುವುದಿಲ್ಲ, ಕಲಂ 325ರ ಮೊಕದ್ದಮೆ ನಿಮ್ಮ ಮೇಲೆಯೇ ಬರುತ್ತದೆ.