ಟ್ಯಾಂಕಿನ ಲೆಕ್ಕ, ಮೀಟರಿನ ಲೆಕ್ಕ

ಸಂಡೂರಿನ ಗಣಿ ಸೀಮೆಯಲ್ಲಿ ದೊಡ್ಡ ಯಾರ್ಡುಗಳ ಟಿಪ್ಪರುಗಳು ಡೀಸೆಲ್ಲಿಗೆಂದು ಹೆದ್ದಾರಿಯ ಬಂಕಿನ ತನಕ ಹೋಗುವುದಿಲ್ಲ. ಯಾರ್ಡಿನೊಳಗೇ ಒಂದು ಟ್ಯಾಂಕು, ಒಂದು ಪಂಪು, ಪಕ್ಕದ ತಗಡಿನ ಶೆಡ್ಡಿನಲ್ಲಿ ಲಾಗ್ ಬುಕ್ ಮುಂದಿಟ್ಟುಕೊಂಡು ಕೂತ ಒಬ್ಬ ಆಪರೇಟರ್ ಇರುತ್ತಾರೆ. ಬೇಸಿಗೆಯ ಒಂದು ಬೆಳಿಗ್ಗೆ ಅಂಥದೊಂದು ಯಾರ್ಡಿನಲ್ಲಿ, ಟ್ಯಾಂಕಿನೊಳಗೆ ಇಳಿಬಿಟ್ಟು ಮಟ್ಟ ನೋಡುವ ಡಿಪ್ ಕೋಲು ಹಿಂದಿನ ಸಂಜೆಗಿಂತ 4 ಮಿಲಿಮೀಟರ್ ಕಡಿಮೆ ತೋರಿಸಿತು. ರಾತ್ರಿ ಯಾವ ಗಾಡಿಗೂ ಡೀಸೆಲ್ ಹಾಕಿರಲಿಲ್ಲ. ಮಟ್ಟವನ್ನು ಲೀಟರಿಗೆ ಬದಲಿಸುವ ಕೋಷ್ಟಕ ನೋಡಿದ ಸೂಪರ್‌ವೈಸರ್ ಐವತ್ತು ಲೀಟರ್ ಹೋಗಿದೆ ಎಂದರು. ಎಲ್ಲರ ಕಣ್ಣೂ ರಾತ್ರಿ ಪಾಳಿಯವನ ಮೇಲೆ ಬಿತ್ತು.

ಆ ಐವತ್ತು ಲೀಟರನ್ನು ಯಾರೂ ಕದ್ದಿರಬೇಕಾಗಿಲ್ಲ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಡೀಸೆಲ್ ತನ್ನ ಗಾತ್ರದ ಸುಮಾರು ಶೇ 0.08ರಷ್ಟು ಕುಗ್ಗುತ್ತದೆ. ನೆಲದ ಮೇಲೆ ಬಿಸಿಲಿಗೆ ಮೈಯೊಡ್ಡಿ ನಿಂತ ಟ್ಯಾಂಕಿನಲ್ಲಿ 12,000 ಲೀಟರ್ ಇದ್ದು, ಬಳ್ಳಾರಿಯ ನಲವತ್ತು ಡಿಗ್ರಿಯ ಹಗಲು ಕಳೆದು ಬೆಳಗಿನ ಜಾವದ ಹೊತ್ತಿಗೆ ಅದು ಐದು ಡಿಗ್ರಿ ತಣಿದರೆ, ಸುಮಾರು 50 ಲೀಟರ್ ತಾನಾಗಿಯೇ ಕಡಿಮೆಯಾಗುತ್ತದೆ. ಅಡ್ಡ ಮಲಗಿದ ಉರುಳೆಯಾಕಾರದ ಟ್ಯಾಂಕಾದರೆ ಇನ್ನೊಂದು ತೊಡಕಿದೆ. ಎರಡು ಮೀಟರ್ ವ್ಯಾಸದ, 20,000 ಲೀಟರಿನ ಟ್ಯಾಂಕಿನ ನಡುಮಟ್ಟದಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 127 ಲೀಟರ್. ತಳದಿಂದ ಹತ್ತು ಸೆಂಟಿಮೀಟರ್ ಎತ್ತರದಲ್ಲಿ ಅದೇ ಒಂದು ಸೆಂಟಿಮೀಟರ್ 56 ಲೀಟರಿನಷ್ಟೇ. ಕೋಲಿನ ಗುರುತು ಒಂದು ಗೆರೆ ಆಚೀಚೆಯಾದರೆ ಒಬ್ಬ ಮನುಷ್ಯನ ಮರ್ಯಾದೆಯ ಪ್ರಶ್ನೆಯಾಗುತ್ತದೆ.

ಇಂಥ ಅನುಮಾನ ಬಗೆಹರಿಸಲು ನೆರವಾಗುವುದು ದೂರದಿಂದ ಪಂಪನ್ನು ಗಮನಿಸುವ ವ್ಯವಸ್ಥೆ. ಅದೆಂದರೆ ಹೆಚ್ಚಿನವರು ಕ್ಯಾಮೆರಾವನ್ನು ನೆನೆಯುತ್ತಾರೆ. ಅದರ ನಿಜವಾದ ಬಲವಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅಳತೆಗಳನ್ನು ಎದುರುಬದುರು ಇಡುವುದರಲ್ಲಿ. ಮೊದಲನೆಯದು ಪಂಪಿನ ಮೀಟರ್. ಅದರೊಳಗಿನ ಪಿಸ್ಟನ್ನುಗಳು ಡೀಸೆಲ್ಲನ್ನು ಬೊಗಸೆ ಬೊಗಸೆಯಾಗಿ ಅಳೆದು ಮುಂದೆ ದೂಡುತ್ತವೆ. ಆ ತಿರುಗಾಟಕ್ಕೆ ಜೋಡಿಸಿದ ಪಲ್ಸರ್ ಎಂಬ ಪುಟ್ಟ ಸಾಧನ ಲೀಟರಿಗೆ ನೂರು ಮಿಡಿತ ಕಳಿಸುವಂಥದ್ದಾದರೆ, ಹತ್ತು ಮಿಲಿಲೀಟರಿಗೊಂದು ಮಿಡಿತ ಎಣಿಕೆಗೆ ಸಿಗುತ್ತದೆ.

ಎರಡನೆಯದು ಟ್ಯಾಂಕಿನೊಳಗಿನ ಪ್ರೋಬ್, ಮತ್ತು ನನಗೆ ಇದರ ಮೇಲೆ ಪ್ರೀತಿ ಹೆಚ್ಚು. ಉದ್ದನೆಯ ಉಕ್ಕಿನ ಕೊಳವೆಯೊಳಗೆ ಬಿಗಿದ ಒಂದು ತಂತಿ, ಹೊರಗೆ ಡೀಸೆಲ್ ಮೇಲೆ ತೇಲುವ, ಹೊಟ್ಟೆಯಲ್ಲಿ ಅಯಸ್ಕಾಂತವಿರುವ ಬೆಂಡು. ತಂತಿಯೊಳಗೆ ವಿದ್ಯುತ್ತಿನ ಒಂದು ಮಿಡಿತ ಬಿಟ್ಟಾಗ ಅಯಸ್ಕಾಂತ ಇರುವ ಜಾಗದಲ್ಲಿ ತಂತಿ ತುಸುವೇ ತಿರುಚಿಕೊಳ್ಳುತ್ತದೆ. ಆ ತಿರುಚು ಅಲೆಯಾಗಿ ಸೆಕೆಂಡಿಗೆ ಸುಮಾರು 2,800 ಮೀಟರ್ ವೇಗದಲ್ಲಿ ಮೇಲಕ್ಕೆ ಬರುತ್ತದೆ. ಬರಲು ಹಿಡಿದ ಹೊತ್ತನ್ನು ಅಳೆದರೆ ಮಟ್ಟ ಗೊತ್ತಾಯಿತು. ತಳದಲ್ಲಿ ಸೇರಿದ ನೀರನ್ನು ಗುರುತಿಸಲು ಇನ್ನೊಂದು ಭಾರದ ಬೆಂಡು, ಜೊತೆಗೆ ಉಷ್ಣತೆಯ ಸಂವೇದಕಗಳು ಇರುವುದರಿಂದ ಗಾತ್ರವನ್ನು 15 ಡಿಗ್ರಿಯಲ್ಲಿ ಎಷ್ಟಿರುತ್ತಿತ್ತೋ ಅಷ್ಟಕ್ಕೆ ಸರಿಹೊಂದಿಸಿಯೇ ಕಚೇರಿಯ ಪರದೆಗೆ ಕಳಿಸಬಹುದು. ಟ್ಯಾಂಕಿನಿಂದ ಇಳಿದದ್ದೂ ಮೀಟರ್ ಎಣಿಸಿದ್ದೂ ತಾಳೆಯಾಗದೆ ದಿನದಿನವೂ ಒಂದೇ ಕಡೆಗೆ ವಾಲುತ್ತಿದ್ದರೆ, ಸೋರಿಕೆಯನ್ನೋ ಸವೆದ ಮೀಟರನ್ನೋ ಕಳವನ್ನೋ ಹುಡುಕಬೇಕು. ಒಂದು ದಿನದ ಅಂಕಿಯಿಂದ ಯಾರನ್ನೂ ದೂರುವಂತಿಲ್ಲ.

ಇನ್ನು ನಿಯಂತ್ರಣ. ಟಿಪ್ಪರಿನ ಡೀಸೆಲ್ ಟ್ಯಾಂಕಿನ ಬಾಯಿಗೆ ಉಂಗುರದಂಥ ರೇಡಿಯೋ ಟ್ಯಾಗ್ ಹಾಕಿರುತ್ತಾರೆ. ಕೆಂಪು ಧೂಳು ಮೆತ್ತಿಕೊಂಡ ನಾಜಲ್ ಅದರ ಹತ್ತಿರ ಬಂದಾಗ ಗಾಡಿಯ ಗುರುತು ಓದಲಾಗುತ್ತದೆ, ಅನುಮತಿಯಿರುವ ಗಾಡಿಗಳ ಪಟ್ಟಿಯಲ್ಲಿದ್ದರೆ ರಿಲೇ ಎಂಬ ಸ್ವಿಚ್ಚು ಪಂಪಿನ ಮೋಟಾರಿಗೆ ವಿದ್ಯುತ್ ಕೊಡುತ್ತದೆ, ನಿಗದಿಯಾದ ಲೀಟರ್ ಮುಗಿದ ಕೂಡಲೇ ವಾಲ್ವ್ ಮುಚ್ಚಿಕೊಳ್ಳುತ್ತದೆ. ನಾಜಲ್ ಹೊರಗೆಳೆದು ಕ್ಯಾನಿಗೆ ಹಿಡಿದರೆ ಟ್ಯಾಗ್ ಕಾಣದಾಗಿ ಪಂಪು ನಿಲ್ಲುತ್ತದೆ. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಆಗಾಗ ಕೈಕೊಡುವ ಜಾಗದಲ್ಲಿ ಈ ಪಟ್ಟಿ ದೂರದ ಸರ್ವರಿನಲ್ಲಷ್ಟೇ ಇದ್ದರೆ ಇಡೀ ಪಾಳಿ ಸಾಲುಗಟ್ಟಿ ನಿಲ್ಲಬೇಕಾದೀತು. ಆದ್ದರಿಂದ ಪಟ್ಟಿಯ ಒಂದು ನಕಲು ಪಂಪಿನ ಕಂಟ್ರೋಲರಿನಲ್ಲೇ ಇರಬೇಕು, ಲೆಕ್ಕವೂ ಅಲ್ಲೇ ಉಳಿದು ಸಂಪರ್ಕ ಬಂದಾಗ ರವಾನೆಯಾಗಬೇಕು.

ದೂರದಿಂದ ಪಂಪನ್ನು ನಿಲ್ಲಿಸುವ ಅಧಿಕಾರ ಕೊಡಬಹುದು, ಚಾಲೂ ಮಾಡುವ ಅಧಿಕಾರ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾಜಲ್ ಗಾಡಿಯೊಳಗಿದೆಯೋ ನೆಲದ ಮೇಲೆ ಬಿದ್ದಿದೆಯೋ ಎಂಬುದು ಬೆಂಗಳೂರಿನ ಕಚೇರಿಯ ಪರದೆಗೆ ತಿಳಿಯದು. ಬಾಗಿಲು ತೆರೆದಿಟ್ಟರೆ ಯಾರು ಬೇಕಾದರೂ ಒಳಗೆ ಬರುತ್ತಾರೆ ಎಂಬುದೂ ಇದೆ: 2015ರ ಜನವರಿಯಲ್ಲಿ ರ್‍ಯಾಪಿಡ್7 ಎಂಬ ಸೈಬರ್ ಭದ್ರತಾ ಸಂಸ್ಥೆಯ ಸಂಶೋಧಕರು ಅಂತರ್ಜಾಲವನ್ನು ಜಾಲಾಡಿದಾಗ, ಪಾಸ್‌ವರ್ಡ್ ಇಲ್ಲದೆ ಯಾರ ಕೈಗಾದರೂ ಸಿಗುವಂತಿದ್ದ ಸುಮಾರು 5,800 ಟ್ಯಾಂಕ್ ಮಾಪಕಗಳು ಕಂಡವು. ಹೆಚ್ಚಿನವು ಅಮೆರಿಕದವು.

ಆ ಯಾರ್ಡಿಗೂ ಈಗ ಪ್ರೋಬ್ ಬಂದಿದೆ. ಆದರೂ ಆಪರೇಟರ್ ಬೆಳಿಗ್ಗೆ ಡಿಪ್ ಕೋಲನ್ನು ಬಟ್ಟೆಯಲ್ಲಿ ಒರೆಸಿ ಇಳಿಬಿಡುತ್ತಾರೆ. ಲಾಗ್ ಬುಕ್ಕಿನಲ್ಲಿ ಮಟ್ಟದ ಪಕ್ಕ ಪೆನ್ನಿನಲ್ಲಿ ಗೆರೆ ಎಳೆದು ಅವರೇ ಹೊಸದೊಂದು ಕಾಲಂ ಮಾಡಿಕೊಂಡಿದ್ದಾರೆ: ಉಷ್ಣತೆ.